ಅಮ್ಮ ನಗುತ್ತಾ ಹೇಳುವ ಆ ಕಥೆಗೆ ನನಗೆ ನಗು ಬರುವುದಿಲ್ಲ

ಡೊಂಬಿವಲಿ ಪೂರ್ವ · ಭಾನುವಾರ ರಾತ್ರಿ 11:50

ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಇವತ್ತು ಮುಲುಂಡಿನಲ್ಲಿ ದೊಡ್ಡಮ್ಮನ ಮೊಮ್ಮಗುವಿನ ನಾಮಕರಣ ಇತ್ತು. ಊಟ ಮುಗಿಸಿ ಎಲ್ಲರೂ ಕಾಲು ಚಾಚಿ ಕೂತಿದ್ದಾಗ ಯಾರೋ ಅಮ್ಮನಿಗೆ "ಆ ಅಂಗಿ ಕಥೆ ಹೇಳಿ ಚಿಕ್ಕಮ್ಮ" ಅಂದರು. ನಮ್ಮ ಕುಟುಂಬದಲ್ಲಿ ಅದನ್ನು ಕೇಳದವರಿಲ್ಲ, ಆದರೂ ಪ್ರತಿ ಸಲ ಹೇಳಿಸುತ್ತಾರೆ.

ಕಥೆ ಹೀಗಿದೆ. ಅಪ್ಪ ಲೋವರ್ ಪರೇಲಿನ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿದ್ದರು. 1982ರ ಜನವರಿ 18ಕ್ಕೆ ಮುಂಬಯಿಯ ಬಟ್ಟೆ ಮಿಲ್ ಕಾರ್ಮಿಕರ ಮುಷ್ಕರ ಶುರುವಾಯಿತಲ್ಲ, ಮಿಲ್ ನಿಂತ ಮೇಲೆ ಕ್ಯಾಂಟೀನ್ ಯಾರಿಗೆ ಬೇಕು? ಒಂದು ವರ್ಷ ಅಲ್ಲಿ ಇಲ್ಲಿ ಸಾಲ ಮಾಡಿ ನಡೆಯಿತು. ಆಮೇಲೆ ಅಮ್ಮ ಭಾಂಡುಪ್‌ನ ಔಷಧಿ ಕಂಪನಿಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋದರು. ಅಪ್ಪ ಕೆಲಸ ಹುಡುಕಲು ಬೆಳಿಗ್ಗೆ ಹೊರಟರೆ ರಾತ್ರಿಯೇ ಬರುವುದು. ನನಗೆ ಆರು ವರ್ಷ, ತಮ್ಮನಿಗೆ ಎರಡು. ಅವನನ್ನು ನೋಡಿಕೊಳ್ಳಲಿ ಅಂತ ನನ್ನನ್ನು ಆ ವರ್ಷ ಶಾಲೆಗೆ ಸೇರಿಸಲಿಲ್ಲ. ಚಾಳಿನ ಒಂದು ಕೋಣೆ. ಅಮ್ಮ ಎಂಟು ಗಂಟೆಗೆ ಹೊರಗಿಂದ ಬೀಗ ಹಾಕಿ ಹೋಗುತ್ತಿದ್ದರು, ಸಂಜೆ ಆರೂವರೆಗೆ ತೆಗೆಯುತ್ತಿದ್ದರು. ಹದಿನಾಲ್ಕು ತಿಂಗಳು.

ಒಂದು ದಿನ ತಮ್ಮನಿಗೆ ಹೊಟ್ಟೆ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕೊಡದಲ್ಲಿ ನೀರಿಲ್ಲ. ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಮಾತ್ರ, ಅದೂ ಹೊರಗೆ. ಒರೆಸಲು ಕೈಗೆ ಸಿಕ್ಕಿದ ಬಟ್ಟೆಯೆಲ್ಲ ಮುಗಿದ ಮೇಲೆ ನಾನು ಮೊಳೆಗೆ ನೇತುಹಾಕಿದ್ದ ಅಪ್ಪನ ಬಿಳಿ ಅಂಗಿ ತೆಗೆದು ಅವನನ್ನೂ ನೆಲವನ್ನೂ ಒರೆಸಿದೆ. ಸಂಜೆ ಅಮ್ಮ ಬಾಗಿಲು ತೆಗೆದು ನೋಡಿದವರೇ ಲಟ್ಟಣಿಗೆ ತೆಗೆದುಕೊಂಡು ಹೊಡೆದರು. "ಇವಳು ಮಂಚದಡಿ ನುಗ್ಗಿದ್ಳು, ನಾನು ಕಾಲು ಹಿಡಿದು ಎಳೆದೆ, ಇವಳ ಕೈಯಲ್ಲಿ ಇನ್ನೂ ಆ ಅಂಗಿ!" ಇಲ್ಲಿಗೆ ಬರುವಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಇವತ್ತೂ ನಕ್ಕರು. ನಲವತ್ತು ವರ್ಷದಿಂದ ನಾನೂ ಜೊತೆಗೆ ನಗುತ್ತಾ ಬಂದಿದ್ದೇನೆ.

ವಾಪಸು ಬರುವಾಗ ಲೋಕಲ್‌ನಲ್ಲಿ ನನ್ನ ಮಗಳು, ಅವಳಿಗೆ ಹನ್ನೊಂದು ವರ್ಷ, ಕಿವಿಯ ಹತ್ತಿರ ಬಂದು ಕೇಳಿದಳು: "ಅಮ್ಮಾ, ನಿಂಗೆ ಹೆದರಿಕೆ ಆಗ್ಲಿಲ್ವಾ?"

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಕೋಪರ್ ದಾಟುವವರೆಗೂ ನನಗೆ ಉತ್ತರ ಕೊಡಲು ಆಗಲಿಲ್ಲ.

ಆಗಿತ್ತು. ಅಮ್ಮ ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಎಳೆದು ನೋಡುತ್ತಿದ್ದರು. ಆ ಟಕ್ ಟಕ್ ಆದ ಮೇಲೆ ಚಪ್ಪಲಿಯ ಶಬ್ದ ಮೆಟ್ಟಿಲು ಇಳಿದು ಹೋಗುತ್ತಿತ್ತು. ತಮ್ಮ ಅಳಲು ಶುರು ಮಾಡುತ್ತಿದ್ದ. ನನಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ಕಿಟಕಿಯ ಸರಳಿನ ನೆರಳು ನೆಲದ ಮೇಲೆ ಗೋಧಿ ಡಬ್ಬಿಯ ತನಕ ಬಂದರೆ ಊಟ ಅಂತ ಲೆಕ್ಕ. ಮಳೆಗಾಲದಲ್ಲಿ ನೆರಳೇ ಇರುತ್ತಿರಲಿಲ್ಲ. ಪಕ್ಕದ ಕಾಕೂ ಕೆಲವೊಮ್ಮೆ ಸರಳಿನ ಸಂದಿಯಲ್ಲಿ ಭಾಕ್ರಿ ತುಂಡು ಕೊಡುತ್ತಿದ್ದರು, ಪುಣ್ಯಾತ್ಗಿತ್ತಿ. ಅವರೂ ಕೆಲಸಕ್ಕೆ ಹೋಗುವವರು, ದಿನಾ ಸಿಗುತ್ತಿರಲಿಲ್ಲ. ಈಗಲೂ ನಮ್ಮ ಮನೆಯ ಬಾಗಿಲಿಗೆ ಹೊರಗಡೆ ಚಿಲಕ ಇಲ್ಲ, ಫ್ಲ್ಯಾಟ್ ತೆಗೆದುಕೊಂಡ ವಾರವೇ ಬಡಗಿಯನ್ನು ಕರೆಸಿ ತೆಗೆಸಿದೆ.

ಅಮ್ಮನಿಗೆ ಈಗ ಎಪ್ಪತ್ತು. ನನ್ನ ಜೊತೆಯಲ್ಲೇ ಇದ್ದಾರೆ, ನನ್ನ ಮಗಳನ್ನು ಸಾಕಿದ್ದೇ ಅವರು. ಅವರ ಪರಿಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಬೇರೆ ದಾರಿ ಇರಲಿಲ್ಲ. ಹಾಗಾದರೆ ನನಗೆ ಯಾಕೆ ಇಷ್ಟು ನೋವು? ಈ ವಯಸ್ಸಿನಲ್ಲಿ ಅವರ ಹತ್ತಿರ ಇದನ್ನು ಎತ್ತಬೇಕಾ, ಬೇಡವಾ? ನಿಮ್ಮ ಮನೆಗಳಲ್ಲಿ ಹೀಗೆ ಏನಾದರೂ ಇತ್ತಾ?

ಬೊರಿವಲಿ ನಿವಾಸಿ · ಸೋಮವಾರ ಬೆಳಿಗ್ಗೆ 7:15

ಬೇಡ. ಎಪ್ಪತ್ತರ ತಾಯಿಯನ್ನು ಕೂರಿಸಿಕೊಂಡು ವಿಚಾರಣೆ ಮಾಡುವುದು ಯಾವ ನ್ಯಾಯ? ನಮಗೆಲ್ಲ ಬೆತ್ತದ ಪೆಟ್ಟು ಬಿದ್ದಿದೆ. ಊರಲ್ಲಿ ಮಾಡಿನ ಸಂದಿಯಲ್ಲಿ ನಾಗರಬೆತ್ತ ಸಿಕ್ಕಿಸಿಟ್ಟೇ ಇರುತ್ತಿದ್ದರು. ಅದರಿಂದಲೇ ಮನುಷ್ಯರಾದೆವು. ಈಗಿನ ಮಕ್ಕಳಿಗೆ ಒಂದು ಗದರಿದರೂ ಆಗುವುದಿಲ್ಲ.

ಗೋರೆಗಾಂವ್ ಅಕ್ಕ · ಸೋಮವಾರ ಬೆಳಿಗ್ಗೆ 9:40

ಡೊಂಬಿವಲಿಯವರೇ, ಓದಿ ಕಣ್ಣು ತುಂಬಿತು. ನಿಮ್ಮಷ್ಟು ದೊಡ್ಡದಲ್ಲ ನನ್ನದು, ಆದರೂ ಬರೆಯುತ್ತೇನೆ. "ನಿನ್ನನ್ನು ತೌಡು ಕೊಟ್ಟು ತಂದದ್ದು" ಅಂತ ನಮ್ಮಲ್ಲಿ ಮಕ್ಕಳಿಗೆ ಹೇಳುತ್ತಾರಲ್ಲ. ನಾಲ್ಕು ಜನ ಅಕ್ಕತಂಗಿಯರಲ್ಲಿ ನಾನೊಬ್ಬಳೇ ಕಪ್ಪು, ಹಾಗಾಗಿ ನನಗೆ ಹೇಳುವುದು ಜಾಸ್ತಿ. ನಾನು ನಂಬಿದ್ದೆ. ತೌಡು ತೆಗೆದುಕೊಂಡವರು ಒಂದು ದಿನ ಬಂದು ವಾಪಸು ಕರೆದುಕೊಂಡು ಹೋಗುತ್ತಾರೆ ಅಂತ ಎರಡು ಫ್ರಾಕು, ಒಂದು ಬಾಚಣಿಗೆ ಚೀಲದಲ್ಲಿ ಹಾಕಿ ಇಟ್ಟುಕೊಂಡಿದ್ದೆ. ಹತ್ತು ವರ್ಷ ಆಗುವವರೆಗೂ ಆ ಚೀಲ ನನ್ನ ಹಾಸಿಗೆಯಡಿ ಇತ್ತು. ಅಮ್ಮನಿಗೆ ಈಗಲೂ ಗೊತ್ತಿಲ್ಲ.

ಫೋರ್ಟ್ ಮಾಣಿ · ಸೋಮವಾರ ರಾತ್ರಿ 12:20

ಹೋಟೆಲ್ ಬಾಗಿಲು ಹಾಕಿ ಬಂದು ಬರೀತಾ ಇದ್ದೇನೆ. ನನ್ನ ಊರು ಕುಂದಾಪುರದ ಹತ್ತಿರ. 1979ರಲ್ಲಿ, ನನಗೆ ಹನ್ನೊಂದು ವರ್ಷ, ಐದನೇ ಕ್ಲಾಸು ಪಾಸಾಗಿತ್ತು. ಅಪ್ಪಯ್ಯ "ಬೊಂಬಾಯಿ ನೋಡಿ ಬಪ್ಪ ಬಾ" ಅಂತ ಹೇಳಿ ಬಸ್ಸು ಹತ್ತಿಸಿದರು. ಆಗ ಕೊಂಕಣ ರೈಲು ಎಲ್ಲಿತ್ತು, ಅದು ಪೂರ್ತಿ ಓಡಿದ್ದು 1998ಕ್ಕೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡೇ ಬಂದೆ. ಫೋರ್ಟಿನ ಹೋಟೆಲಿನಲ್ಲಿ ಗಲ್ಲಾದ ಎದುರು ನಿಲ್ಲಿಸಿ, ಸೇಟರ ಹತ್ತಿರ ಮಾತಾಡಿ, ನನಗೆ ಒಂದು ಬನ್ನು ತೆಗೆಸಿಕೊಟ್ಟು "ಈಗ ಬತ್ತೆ" ಅಂತ ಹೊರಗೆ ಹೋದವರು ಬರಲಿಲ್ಲ. ಮತ್ತೆ ಅಪ್ಪಯ್ಯನ ಮುಖ ನೋಡಿದ್ದು ಮೂರು ವರ್ಷ ಕಳೆದು.

ಕ್ಲೀನರ್ ಕೆಲಸ. ಮೇಜು ಒರೆಸುವುದು, ಲೋಟ ತೊಳೆಯುವುದು. ದಿನವಿಡೀ ನೀರಿನಲ್ಲಿ ನಿಂತು ಕಾಲ್ಬೆರಳ ಸಂದಿಯೆಲ್ಲ ಬೆಳ್ಳಗಾಗಿ ಸುಲಿದು ಹೋಗುತ್ತಿತ್ತು, ರಾತ್ರಿ ಭಟ್ಟರು ಕೊಬ್ಬರಿ ಎಣ್ಣೆಗೆ ಅರಿಶಿನ ಹಾಕಿ ಹಚ್ಚುತ್ತಿದ್ದರು. ಗಿರಾಕಿ ಹೋದ ಮೇಲೆ ಅದೇ ಮೇಜು ಜೋಡಿಸಿ ಮಲಗುವುದು. ಸಂಬಳ ನನ್ನ ಕೈಗೆ ಬರಲಿಲ್ಲ, ತಿಂಗಳು ತಿಂಗಳು ಮನಿಯಾರ್ಡರಿನಲ್ಲಿ ಊರಿಗೆ. ಆ ಫಾರ್ಮಿನ ತುದಿಯಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ಮ್ಯಾನೇಜರ್ ನನ್ನ ಪರವಾಗಿ "ನಾನು ಕ್ಷೇಮ" ಅಂತ ಬರೆಯುತ್ತಿದ್ದರು. ನನಗೆ ಬರೆಯಲು ಬರುತ್ತಿತ್ತು. ಯಾರೂ ಪೆನ್ನು ಕೊಡಲಿಲ್ಲ.

ಸೇಟರು ಒಳ್ಳೆಯವರು, ಎರಡನೇ ವರ್ಷ ರಾತ್ರಿ ಶಾಲೆಗೆ ಕಳಿಸಿದರು. ಫೋರ್ಟಿನ ಕನ್ನಡ ರಾತ್ರಿ ಶಾಲೆ ಇಲ್ಲದಿದ್ದರೆ ನಮ್ಮಂಥ ಎಷ್ಟು ಮಾಣಿಗಳು ಅಕ್ಷರ ಮರೆಯುತ್ತಿದ್ದರೋ. ಎಸ್ಸೆಸ್ಸೆಲ್ಸಿ ಮುಗಿಸಿದೆ, ಸಪ್ಲೈಯರ್ ಆದೆ, ಮ್ಯಾನೇಜರ್ ಆದೆ, ಈಗ ಪಾಲುದಾರ. ಬೊರಿವಲಿಯವರು ಹೇಳಿದ ಹಾಗೆ "ಅದರಿಂದಲೇ ಮನುಷ್ಯನಾದೆ" ಅಂತ ನಾನೂ ಹೇಳಿಕೊಂಡು ತಿರುಗುತ್ತಿದ್ದವನು.

2006ರ ಅಕ್ಟೋಬರ್ 10ರಿಂದ ಹೋಟೆಲಿನಲ್ಲಿ, ಮನೆಗೆಲಸದಲ್ಲಿ ಹದಿನಾಲ್ಕು ವರ್ಷದೊಳಗಿನವರನ್ನು ಇಡುವಂತಿಲ್ಲ ಅಂತ ಕಾನೂನು ಬಂತು. ನಮ್ಮಲ್ಲೂ ಗೋಡೆಗೆ ಬೋರ್ಡು ಹಾಕಿದೆವು. ಆ ಬೋರ್ಡಿಗೆ ಮೊಳೆ ಹೊಡೆದವನು ನಾನೇ. ಆ ವರ್ಷ ನನ್ನ ದೊಡ್ಡ ಮಗನಿಗೆ ಸರಿಯಾಗಿ ಹನ್ನೊಂದು. ಸ್ಟೂಲಿನ ಮೇಲೆ ನಿಂತವನಿಗೆ ಕೈ ನಡುಗಲಿಕ್ಕೆ ಶುರುವಾಯಿತು, ಇಳಿದು ಹೋಗಿ ಸ್ಟೋರ್ ರೂಮಿನಲ್ಲಿ ಕೂತೆ. ಹನ್ನೊಂದು ಅಂದರೆ ಎಷ್ಟು ಸಣ್ಣದು ಅಂತ ನನಗೆ ಗೊತ್ತಾದದ್ದು ಅವತ್ತು.

ಬಡತನ ಇತ್ತು, ಒಪ್ಪುತ್ತೇನೆ. ನಾವು ಏಳು ಜನ. ಕಳಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. "ಈಗ ಬತ್ತೆ" ಅಂದರಲ್ಲ, ಅದಕ್ಕೆ.

ಡೊಂಬಿವಲಿ ಪೂರ್ವ · ಮಂಗಳವಾರ ಬೆಳಿಗ್ಗೆ 6:30

ಫೋರ್ಟ್ ಮಾಣಿಯವರೇ, ನಿಮ್ಮ ಕೊನೆಯ ಸಾಲು ಓದಿ ನನ್ನದು ಏನು ಅಂತ ನನಗೆ ಗೊತ್ತಾಯಿತು. ಬೀಗ ಹಾಕಿದ್ದಕ್ಕೆ ನನಗೂ ಸಿಟ್ಟಿಲ್ಲ. ಅದನ್ನು ನಗುವ ಕಥೆ ಮಾಡಿದ್ದಕ್ಕೆ ನೋವು.

ಬೊರಿವಲಿಯವರೇ, ವಿಚಾರಣೆ ಮಾಡುವ ಉದ್ದೇಶ ನನಗಿಲ್ಲ. ಆದರೆ ನೀವು "ಬೆತ್ತದಿಂದಲೇ ಮನುಷ್ಯರಾದೆವು" ಅಂದಿರಲ್ಲ, ನಿಮ್ಮನ್ನು ಮನುಷ್ಯನನ್ನಾಗಿ ಮಾಡಿದ್ದು ಬೆತ್ತ ಅಲ್ಲದೆ ಬೇರೆ ಏನಾದರೂ ಇದ್ದೀತು. ಒಂದು ಅಜ್ಜಿ, ಒಬ್ಬ ಮೇಷ್ಟ್ರು, ಸರಳಿನ ಸಂದಿಯಲ್ಲಿ ಭಾಕ್ರಿ ಕೊಟ್ಟ ಒಂದು ಕೈ. ನೆನಪು ಮಾಡಿ ನೋಡಿ.

ಹಳೇ ಯೂನಿಯನ್ · ಮಂಗಳವಾರ ಬೆಳಿಗ್ಗೆ 10:05

ತಂಗಿ, ಒಂದು ವಿಷಯ ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಭಾಂಡುಪ್–ಮುಲುಂಡ್ ಪಟ್ಟಿಯಲ್ಲಿ ಮೂವತ್ತು ವರ್ಷ ಯೂನಿಯನ್ ಕೆಲಸ ಮಾಡಿದವನು.

1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮಿನ ಪ್ರಕಾರ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಇರುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಲೇಬೇಕಿತ್ತು. ಗಾಳಿ ಬೆಳಕು ಇರುವ ಕೋಣೆ, ನೋಡಿಕೊಳ್ಳಲು ತರಬೇತಾದ ಹೆಂಗಸು. ಮೊದಲು ಐವತ್ತು ಅಂತ ಇತ್ತು, 1976ರ ತಿದ್ದುಪಡಿಯಲ್ಲಿ ಮೂವತ್ತಕ್ಕೆ ಇಳಿಯಿತು. ಅಂದರೆ ನಿಮ್ಮಮ್ಮ ಕೆಲಸಕ್ಕೆ ಸೇರುವ ಹೊತ್ತಿಗೆ ಈ ನಿಯಮ ಜಾರಿಯಲ್ಲಿತ್ತು. ಔಷಧಿ ಪ್ಯಾಕಿಂಗ್ ಅಂದರೆ ಸಾಲಾಗಿ ಹೆಂಗಸರೇ ಕೂರುವ ಕೆಲಸ. ಅಷ್ಟು ಜನ ಹಾಜರಿ ಪುಸ್ತಕದಲ್ಲಿ ಇದ್ದಿದ್ದರೆ ನಿಮ್ಮ ತಮ್ಮನಿಗೆ ಅಲ್ಲಿ ಜಾಗ ಇರಬೇಕಿತ್ತು, ನೀವು ಶಾಲೆಗೆ ಹೋಗಬಹುದಿತ್ತು.

ನಾನು ಕಂಡ ಅನೇಕ ಕಡೆ ಏನು ಮಾಡುತ್ತಿದ್ದರು ಅಂದರೆ, ಇಪ್ಪತ್ತೈದು ಹೆಂಗಸರನ್ನು ಕಂಪನಿಯ ಪಟ್ಟಿಯಲ್ಲಿ ತೋರಿಸಿ ಉಳಿದವರನ್ನು ಬೇರೆ ಬೇರೆ ಗುತ್ತಿಗೆದಾರರ ಹೆಸರಿಗೆ ಬರೆಯುತ್ತಿದ್ದರು. ಇನ್ಸ್‌ಪೆಕ್ಟರ್ ಬರುವ ದಿನ ಒಂದು ಕೋಣೆಗೆ ತೊಟ್ಟಿಲು ತಂದು ಇಡುತ್ತಿದ್ದರು. ಮಾರನೇ ದಿನ ಅದೇ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ. ಇದಕ್ಕಾಗಿ ನಾವು ಹೋರಾಡಿದ್ದು ಕಡಿಮೆ. ಬೋನಸ್‌ಗೆ ಗೇಟು ಬಂದ್ ಮಾಡಿದವರು ತೊಟ್ಟಿಲಿಗೆ ಒಂದು ದಿನವೂ ಮಾಡಲಿಲ್ಲ. ಆ ತಪ್ಪು ನಮ್ಮದು, ನಾನು ಒಪ್ಪಿಕೊಳ್ಳುತ್ತೇನೆ. ಬೀಗದ ಕೈ ಅಮ್ಮನ ಹತ್ತಿರ ಇತ್ತು ನಿಜ, ಆದರೆ ಆ ಬೀಗ ಹಾಕಿಸಿದವರು ಬೇರೆಯೂ ಇದ್ದರು.

ವಾಸ್ಕೋದಾಕಿ · ಮಂಗಳವಾರ ಸಂಜೆ 5:10

ಅಕ್ಕಾರ, ನಾ ಗೋವಾದಾಗ ವಾಸ್ಕೋದಾಗ ಇರತೀನಿ. ನಮ್ಮೂರು ಹುನಗುಂದ ಕಡೆ. ನಮ್ಮವ್ವ ಅಪ್ಪ ಇಲ್ಲಿ ಗೌಂಡಿ ಕೆಲಸಕ್ಕ ಬಂದಿದ್ರು, ನನ್ನ ಎರಡು ವರ್ಷದಾಕಿನ್ನ ಊರಾಗ ಆಯಿ ಕಡೆ ಬಿಟ್ಟು. ವರ್ಷಕ್ಕ ಒಮ್ಮೆ ಜಾತ್ರಿಗೆ ಬರತಿದ್ರು, ಗೋಡಂಬಿ ಬಿಸ್ಕೀಟು ತರತಿದ್ರು, ನಾಕು ದಿನಕ್ಕ ಹೋಗತಿದ್ರು. ನಾ ಆಯಿಗೇ "ಅವ್ವ" ಅಂತಿದ್ದೆ. ನಮ್ಮವ್ವಗ "ವಾಸ್ಕೋದಾಕಿ" ಅಂತಿದ್ದೆ. "ಆಯಿ, ವಾಸ್ಕೋದಾಕಿ ಬಂದಾಳ ನೋಡ" ಅಂತ ಓಡಿ ಬರತಿದ್ದೆನಂತ. ನನ್ನ ಹೆಸರಿನ ಜಾಗಾದಾಗ ಅದನ್ನ ಯಾಕ ಇಟ್ಟೇನಿ ಅಂದ್ರ, ಈಗ ಆ ವಾಸ್ಕೋದಾಕಿ ನಾನs ಆಗೇನಿ.

ಒಂಬತ್ತು ವರ್ಷದಾಗ ನನ್ನ ಕರಕೊಂಡು ಬಂದ್ರು. ಖುಷಿಯಿಂದ ಬಂದೆ. ಬಂದ ಮ್ಯಾಲೆ ತಿಳೀತು, ತಮ್ಮ ಹುಟ್ಯಾನ, ಅವನ್ನ ಎತ್ತಕೊಳ್ಳಾಕ ಒಬ್ಬರು ಬೇಕಾಗಿತ್ತು. ನೀವು ಆರು ವರ್ಷದಾಗ ಮಾಡಿದ್ದನ್ನs ನಾ ಒಂಬತ್ತರಾಗ ಮಾಡೇನಿ, ಖರೆ ನಮ್ಮ ಜೋಪಡಿಗೆ ಬೀಗ ಹಾಕಾಕ ಬಾಗಲಾನೂ ಇರಲಿಲ್ಲ. ತಾಡಪತ್ರಿ ಇತ್ತು. ಒಂದಿನ ತಮ್ಮನ್ನ ಟೊಂಕದ ಮ್ಯಾಲೆ ಕೂಡಿಸಿಕೊಂಡು ಸ್ಟೇಷನ್ನಿಗೆ ಹೋಗಿ ಹುಬ್ಬಳ್ಳಿ ಗಾಡಿ ಯಾವುದು ಅಂತ ಕೇಳಿದೆ. ಒಬ್ಬ ಹಮಾಲ ನಮ್ಮ ಕಡೆಯಾಂವ ಇದ್ದ, ಗುರುತು ಹಿಡಿದು ತಿರುಗಿ ತಂದು ಬಿಟ್ಟ. ನಮ್ಮವ್ವ ಅವತ್ತು ಹೊಡೀಲಿಲ್ಲ. ರಾತ್ರಿ ನನ್ನ ಕೈ ತನ್ನ ಸೆರಗಿಗೆ ಗಂಟು ಹಾಕಿ ಮಲಗಿದ್ಲು. ಹಂಗs ಒಂದು ತಿಂಗಳು.

ನಾ ಆಕೀನ "ಅವ್ವ" ಅಂತ ಕರದದ್ದು ಹದಿನಾರು ವರ್ಷ ಆದ ಮ್ಯಾಲೆ. ಅದಕ್ಕ ಮೊದಲ ಏನೂ ಕರೀದನs ಮಾತಾಡತಿದ್ದೆ. ನನ್ನ ಮದಿವಿ ದಿನ ಆಕಿ ಕೇಳಿದ್ಲು, "ನಾ ನಿನ್ನ ಬಿಟ್ಟು ಬಂದದ್ದು ನಿನಗ ಇನ್ನೂ ಐತೇನ ಮನಸಿನ್ಯಾಗ?" ಐತಿ ಅಂದೆ. "ನನಗೂ ಐತಿ" ಅಂದ್ಲು. ಅಷ್ಟs ಮಾತು. ಅದಾದ ಮ್ಯಾಲೆ ನಾವಿಬ್ಬರೂ ಚಲೋ ಅದೀವಿ. ನೀವು ಕೇಳ್ರಿ ಅಕ್ಕಾರ. ನಮ್ಮವ್ವ ತಾನs ಕೇಳಿದ್ಲು, ನಿಮ್ಮವ್ವ ಕೇಳವಲ್ಲರು ಅಂದ್ರ ನೀವು ಸುರು ಮಾಡ್ರಿ.

ಪುಣೆ–ಕೊಥ್ರೂಡ್ · ಮಂಗಳವಾರ ರಾತ್ರಿ 9:30

ನಮ್ಮ ಮನ್ಯಾಗ ಹೊಡೆತ ಇರಲಿಲ್ಲ. ಧಾರವಾಡದಿಂದ ಪುಣೆಗೆ ಬಂದ ಓದಿದ ಮಂದಿ, ತಂದೆಯವರು ಪ್ರಾಧ್ಯಾಪಕರು, ಧ್ವನಿ ಎತ್ತಿ ಮಾತಾಡಿದವರಲ್ಲ. ಅವರ ಶಿಕ್ಷೆ ಅಂದರೆ ಮಾತು ಬಿಡುವುದು. ಹತ್ತನೇ ಇಯತ್ತೆಯ ಗಣಿತದಲ್ಲಿ ನನಗೆ ಅರವತ್ತಮೂರು ಬಂತು. ಜೂನ್‌ನಲ್ಲಿ ಫಲಿತಾಂಶ, ದೀಪಾವಳಿಯ ತನಕ ನನ್ನ ಜೊತೆ ಒಂದು ಮಾತಿಲ್ಲ. ಊಟಕ್ಕೆ ಎದುರಿಗೇ ಕೂತು ತಾಯಿಗೆ "ಅಕಿಗೆ ಹೇಳು, ಫೀ ತುಂಬುವ ತಾರೀಖು ಹತ್ತಿರ ಬಂತು" ಅನ್ನುತ್ತಿದ್ದರು. ನರಕಚತುರ್ದಶಿಯ ದಿನ ಎಣ್ಣೆ ಹಚ್ಚುವಾಗ ತಲೆಯ ಮೇಲೆ ಕೈ ಇಟ್ಟರು, ಅದೇ ರಾಜಿ. ಏನಾಯಿತು, ಯಾಕಾಯಿತು ಅಂತ ಇವತ್ತಿಗೂ ಮಾತಿಲ್ಲ. ಅವರು ಹೋಗಿ ಆರು ವರ್ಷವಾಯಿತು.

ಮೈ ಮೇಲೆ ಬಾಸುಂಡೆ ಎದ್ದರೆ ಯಾರಿಗಾದರೂ ತೋರಿಸಬಹುದು, ಇದನ್ನು ಏನಂತ ತೋರಿಸುವುದು? ಅದೇ ಶಿಕ್ಷೆಯನ್ನು ನಾನು ಈಗ ನನ್ನ ಗಂಡನಿಗೆ ಕೊಡುತ್ತಿದ್ದೇನೆ ಅಂತ ಹೋದ ವರ್ಷ ನನ್ನ ಮಗ ಹೇಳಿದ. ನಿಮ್ಮ ತಾಯಿ ಇನ್ನೂ ಇದ್ದಾರೆ. ಮಾತಾಡಿ.

ಚೆಂಬೂರು ಸಮಾಲೋಚಕಿ · ಬುಧವಾರ ಮಧ್ಯಾಹ್ನ 2:00

ಮಕ್ಕಳ ಜೊತೆ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. "ಪರಿಸ್ಥಿತಿ ಅರ್ಥವಾಗುತ್ತದೆ, ಹಾಗಾದರೆ ಯಾಕೆ ನೋವು" ಅಂತ ಕೇಳಿದ್ದೀರಿ. ಅರ್ಥ ಮಾಡಿಕೊಂಡವರು ನಲವತ್ತೆಂಟು ವರ್ಷದ ನೀವು. ಬೀಗದ ಶಬ್ದ ಕೇಳಿದ್ದು ಆರು ವರ್ಷದವಳು. ಅವಳಿಗೆ ಮುಷ್ಕರ ಗೊತ್ತಿಲ್ಲ, ಸಾಲ ಗೊತ್ತಿಲ್ಲ. ಹೊರಗಿನ ಚಿಲಕ ತೆಗೆಸಿದ್ದು ಅವಳೇ.

1998ರಲ್ಲಿ ಅಮೆರಿಕದಲ್ಲಿ ಬಾಲ್ಯದ ಕಹಿ ಅನುಭವಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಹೊಡೆತ, ನಿರ್ಲಕ್ಷ್ಯ, ಮನೆಯೊಳಗಿನ ಜಗಳ ಇಂಥವು ಬಾಲ್ಯದಲ್ಲಿ ಹೆಚ್ಚು ಬಗೆಯಲ್ಲಿ ಸೇರಿಕೊಂಡಷ್ಟೂ ದೊಡ್ಡವರಾದ ಮೇಲೆ ಖಿನ್ನತೆ ಮಾತ್ರವಲ್ಲ, ಹೃದಯದ ಕಾಯಿಲೆಯಂಥವೂ ಹೆಚ್ಚು ಅಂತ ಅದರಲ್ಲಿ ಕಂಡಿತು. ನಮ್ಮಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿ ವರದಿ ತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ಪೆಟ್ಟು ತಿಂದವರು, ಮನೆಯೊಳಗೆ ಹೊಡೆದವರಲ್ಲಿ ಬಹುಪಾಲು ಅಪ್ಪ ಅಮ್ಮಂದಿರೇ. ಹಾಗಾಗಿ ಇಲ್ಲಿ ಬರೆದವರು ಯಾರೂ ಒಂಟಿಯಲ್ಲ.

ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯೊಳಗಿನ ಪೆಟ್ಟಿಗೆ ಅಷ್ಟು ನೇರವಾದ ನಿಷೇಧ ಇಲ್ಲ. ಆದರೆ ಮಗುವನ್ನು ನೋಡಿಕೊಳ್ಳಬೇಕಾದವರೇ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ ಅದು ಅಪರಾಧ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿ ಶುರುವಾದದ್ದು ನಮ್ಮ ಮುಂಬಯಿಯಲ್ಲೇ, 1996ರಲ್ಲಿ. ನಿಮ್ಮ ಕಿಟಕಿಯ ಎದುರು ಹಾದುಹೋದವರಿಗೆ ಆಗ ಕರೆ ಮಾಡಲು ಆ ನಂಬರೂ ಇರಲಿಲ್ಲ. ಈಗ ಇದೆ, ಬೀಗ ಹಾಕಿದ ಕೋಣೆಗಳೂ ಈ ಊರಲ್ಲಿ ಇನ್ನೂ ಇವೆ, ಕಣ್ಣಿಗೆ ಬಿದ್ದರೆ ದಯವಿಟ್ಟು ಕರೆ ಮಾಡಿ. ದೊಡ್ಡವರಿಗೆ ರಾತ್ರಿ ನಿದ್ದೆ ಬಾರದಷ್ಟು ಹಳೆಯದು ಕಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೂ ಮಾತಾಡಬಹುದು.

ತಾಯಿಯ ಜೊತೆ ಮಾತಾಡುವುದಾದರೆ ಹತ್ತು ಜನರ ಎದುರು ಬೇಡ. ಕೈಯಲ್ಲಿ ಏನಾದರೂ ಕೆಲಸ ಇರುವಾಗ ಆಡಿದರೆ ಇಬ್ಬರಿಗೂ ಸುಲಭ. "ನೀನು ಯಾವಾಗಲೂ ಹೀಗೆ" ಅನ್ನಬೇಡಿ. ಆ ಒಂದು ದಿನದ ಬಗ್ಗೆ ಮಾತ್ರ ಮಾತಾಡಿ.

ಠಾಣೆ ಅಜ್ಜಿ · ಗುರುವಾರ ಬೆಳಗಿನ ಜಾವ 4:45

ಭಾನುವಾರದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚಿಸಿ ಯೋಚಿಸಿ ಈಗ ಬರೆಯುತ್ತಿದ್ದೇನೆ. ನಾನು ಹೊಡೆದವಳು.

ಕುರ್ಲಾದಲ್ಲಿ ಹತ್ತು ಅಡಿ ಹನ್ನೆರಡು ಅಡಿಯ ಖೋಲಿ. ಅತ್ತೆ, ಮಾವ, ಮೈದುನ, ನಾವಿಬ್ಬರು, ಮಗ. ಅತ್ತೆಗೆ ತಿರುಗಿ ಹೇಳಲಾಗದ ಮಾತೆಲ್ಲ ನನ್ನ ಕೈಗೆ ಇಳಿದು ಮಗನ ಬೆನ್ನಿಗೆ ಹೋಗುತ್ತಿತ್ತು. ಲೆಕ್ಕ ತಪ್ಪಿದರೆ ಸ್ಕೇಲು, ಸುಳ್ಳು ಹೇಳಿದರೆ ಅವರ ಬೆಲ್ಟು. ಹೊಡೆದ ಮೇಲೆ ನಾನೇ ಅಳುತ್ತಾ ಎಣ್ಣೆ ಹಚ್ಚುತ್ತಿದ್ದೆ. ಪ್ರೀತಿ ಇರುವುದಕ್ಕೇ ಹೊಡೆಯುವುದು ಅಂತ ಅವನಿಗೂ ಹೇಳಿದೆ, ನಾನೂ ನಂಬಿದೆ.

ಅವನು ಈಗ ಡಬ್ಲಿನ್‌ನಲ್ಲಿ ಇದ್ದಾನೆ. ಎರಡು ವರ್ಷದ ಹಿಂದೆ ಹೋಗಿದ್ದೆ. ಮೊಮ್ಮಗ ಹಾಲಿನ ಲೋಟ ಬೀಳಿಸಿದ. ನನ್ನ ಕೈ ತಾನಾಗಿ ಮೇಲೆ ಹೋಯಿತು. ಮಗ ಮೇಜಿನ ಆಚೆಯಿಂದ ಬಂದು ನನ್ನ ಮಣಿಕಟ್ಟು ಹಿಡಿದ. ಗಟ್ಟಿಯಾಗಿ ಹಿಡಿದ, ನೋಯುವಷ್ಟು ಅಲ್ಲ. ಏನೂ ಹೇಳಲಿಲ್ಲ. ಅವನ ಬೆರಳು ನಡುಗುತ್ತಿತ್ತು. ಆಮೇಲೆ ಸೊಸೆ ಮೆಲ್ಲಗೆ ಹೇಳಿದಳು, ಆ ದೇಶದಲ್ಲಿ 2015ರಿಂದ ಮನೆಯಲ್ಲೂ ಮಕ್ಕಳಿಗೆ ಹೊಡೆಯುವಂತಿಲ್ಲ ಅತ್ತೆ, ಅಂತ. ಅವಳು ಕಾನೂನು ಹೇಳಿದ್ದು ನನ್ನ ಮರ್ಯಾದೆ ಉಳಿಸಲು. ಅವನು ಕೈ ಹಿಡಿದದ್ದು ಕಾನೂನಿಗೆ ಹೆದರಿ ಅಲ್ಲ ಅಂತ ನನಗೆ ಗೊತ್ತು.

ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಬಿಪಿ ಮಾತ್ರೆ ತಗೊಂಡ್ರಾ, ಮಳೆ ಉಂಟಾ, ಅಷ್ಟೇ. ನಾನೇ ಮೊದಲು ಮಾತು ತೆಗೆಯಬಹುದಾ? ಅವನಿಗೆ ಇನ್ನೂ ನೋವು ಕೊಟ್ಟ ಹಾಗೆ ಆಗುತ್ತದಾ?

ಡೊಂಬಿವಲಿ ಪೂರ್ವ · ಗುರುವಾರ ಬೆಳಿಗ್ಗೆ 6:10

ಅಮ್ಮಾ, ಹಾಗೆ ಕರೆಯಬಹುದು ತಾನೇ. ತೆಗೆಯಿರಿ. ಮಗಳ ಸ್ಥಾನದಲ್ಲಿ ನಿಂತು ಹೇಳುತ್ತೇನೆ, ನಾನಾಗಿದ್ದರೆ ಕಾದು ಕೂತಿರುತ್ತಿದ್ದೆ. "ಏನಾದರೂ ತಪ್ಪಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ" ಅಂತ ಮಾತ್ರ ಹೇಳಬೇಡಿ. ಆ ಮಾತು ಕೇಳಿದರೆ ಇವರಿಗೆ ಏನೂ ನೆನಪಿಲ್ಲ ಅನ್ನಿಸುತ್ತದೆ. ಬೆಲ್ಟು ಅನ್ನಿ. ಯಾವ ದಿನ, ಯಾವ ಲೆಕ್ಕ, ನೆನಪಿದ್ದಷ್ಟು ಹೇಳಿ. ನೀವೂ ಅದನ್ನು ಮರೆತಿಲ್ಲ ಅಂತ ಅವರಿಗೆ ಗೊತ್ತಾಗಲಿ.

ಬೊರಿವಲಿ ನಿವಾಸಿ · ಗುರುವಾರ ರಾತ್ರಿ 10:15

ಮೊದಲು ಖಾರವಾಗಿ ಬರೆದಿದ್ದೆ. ಡೊಂಬಿವಲಿಯವರು ನೆನಪು ಮಾಡಿ ಅಂದರಲ್ಲ, ಮಾಡಿದೆ. ಪೆಟ್ಟು ಬಿದ್ದ ರಾತ್ರಿ ಅಜ್ಜಿ ಕತ್ತಲೆಯಲ್ಲಿ ಬಂದು ಬೆಲ್ಲದ ತುಂಡು ಬಾಯಿಗೆ ಹಾಕುತ್ತಿದ್ದರು. ಅದನ್ನು ಎಷ್ಟೋ ವರ್ಷದಿಂದ ಯೋಚಿಸಿರಲಿಲ್ಲ. ನನ್ನ ಮಕ್ಕಳಿಗೆ ಬೆಲ್ಲ ಕೊಡಲು ಮನೆಯಲ್ಲಿ ಅಜ್ಜಿಯೂ ಇರಲಿಲ್ಲ.

ಡೊಂಬಿವಲಿ ಪೂರ್ವ · ಮುಂದಿನ ಬುಧವಾರ ರಾತ್ರಿ 11:20

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಶನಿವಾರ ಮಧ್ಯಾಹ್ನ ಹೇಳಿದೆ. ಮಗಳು ಕ್ಲಾಸಿಗೆ ಹೋಗಿದ್ದಳು. ಅಮ್ಮ ಬಸಳೆ ಸೋಸುತ್ತಿದ್ದರು, ನಾನು ತೆಂಗಿನಕಾಯಿ ತುರಿಯುತ್ತಿದ್ದೆ. "ಅಮ್ಮ, ಆ ಅಂಗಿ ಕಥೆ ಇನ್ನು ಹೇಳ್ಬೇಡಿ, ನಂಗೆ ಅದು ಕೇಳಿದ್ರೆ ನಗು ಬರುದಿಲ್ಲ, ಹೆದರಿಕೆ ಆಗ್ತದೆ" ಅಂದೆ. ಅಷ್ಟೇ ಹೇಳಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ.

ಅಮ್ಮನಿಗೆ ಸಿಟ್ಟು ಬಂತು. "ನಲವತ್ತು ವರ್ಷ ಆದ್ಮೇಲೆ ಲೆಕ್ಕ ಕೇಳ್ಲಿಕ್ಕೆ ಬಂದ್ಯಾ? ನಾನೇನು ಸಿನೆಮಾ ನೋಡ್ಲಿಕ್ಕೆ ಹೋಗ್ತಿದ್ನಾ?" ಅಂತ ಎದ್ದು ಹೋದರು. ಎರಡು ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಮಗಳು ತಟ್ಟೆ ಕೋಣೆಗೇ ತೆಗೆದುಕೊಂಡು ಹೋಗಿ ಕೊಡುತ್ತಿದ್ದಳು. ನಾನು ತಪ್ಪು ಮಾಡಿದೆ ಅನ್ನಿಸಿತು. ವಾಸ್ಕೋದ ತಂಗಿಯ ಮಾತನ್ನು ಮತ್ತೆ ಮತ್ತೆ ಓದಿಕೊಂಡೆ.

ನಿನ್ನೆ ಬೆಳಿಗ್ಗೆ ಐದೂವರೆಗೆ ನಾನು ಚಹಾ ಇಡುವಾಗ ಅಮ್ಮ ಬಂದು ಬಾಗಿಲಲ್ಲಿ ನಿಂತರು. ಪೀಠಿಕೆ ಏನೂ ಇಲ್ಲದೆ, "ಆ ದಿನ ನೀರು ಎಷ್ಟೊತ್ತಿಗೆ ಮುಗ್ದಿತ್ತು?" ಅಂದರು.

"ಊಟದ ಹೊತ್ತಿಗೆ ಮೊದ್ಲೇ."

"ಹೇಗೆ? ನಾನು ಎರಡು ಕೊಡ ತುಂಬ್ಸಿಟ್ಟು ಹೋಗ್ತಿದ್ದೆ."

"ಒಂದೇ ಕೊಡ ಅಮ್ಮ. ಹಿತ್ತಾಳೇದು ಮಾರಿ ಆಗಿತ್ತು."

ಅವರು ಮೊಣಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಚಹಾ ಉಕ್ಕಿತು, ನಾನು ಗ್ಯಾಸ್ ಆರಿಸಿದೆ. "ನೀನು ನೀರಾಟ ಆಡಿ ಚೆಲ್ಲಿದ್ದಿ ಅಂತ ನಾನು ತಿಳ್ಕೊಂಡದ್ದು. ಇಷ್ಟು ವರ್ಷ ಹಾಗೇ ತಿಳ್ಕೊಂಡದ್ದು" ಅಂದರು. ಆಮೇಲೆ, ಆ ಅಂಗಿ ಮಾರನೇ ದಿನಕ್ಕೆ ಇಸ್ತ್ರಿ ಮಾಡಿಸಿಟ್ಟದ್ದು ಅಂತ ಹೇಳಿದರು. ಅಪ್ಪನಿಗೆ ದಾದರಿನಲ್ಲಿ ಒಂದು ಕಡೆ ಕೆಲಸದ ಮಾತುಕತೆ ಇತ್ತಂತೆ. ರಾತ್ರಿ ಮೂರು ಸಲ ಒಗೆದರೂ ಕಲೆ ಹೋಗಲಿಲ್ಲ, ಪಕ್ಕದ ಕಾಕೂವಿನ ಗಂಡನ ಅಂಗಿ ಕೇಳಿ ತಂದರಂತೆ, ತೋಳು ಗಿಡ್ಡ. ಆ ಕೆಲಸ ಸಿಗಲಿಲ್ಲ. ಇದು ಯಾವತ್ತೂ ಕಥೆಯಲ್ಲಿ ಬಂದಿರಲಿಲ್ಲ.

ಕ್ಷಮಿಸು ಅಂತ ಅಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾ ಕುಡಿಯುವಾಗ ನನ್ನ ಎಡಗೈ ಎಳೆದುಕೊಂಡು ಮೊಣಕೈ ಕೆಳಗೆ ಒತ್ತಿ ನೋಡಿದರು. ಲಟ್ಟಣಿಗೆ ಬಿದ್ದದ್ದು ಅಲ್ಲಿಗೇ. ಎಲ್ಲಿ ಬಿದ್ದಿತ್ತು ಅಂತ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ತಮ್ಮ ಈಗ ನಾಶಿಕದಲ್ಲಿದ್ದಾನೆ. ಅವನಿಗೆ ಆ ಕೋಣೆ ಒಂಚೂರೂ ನೆನಪಿಲ್ಲ. ಭಾನುವಾರ ಬರಲಿ ಅಂತ ಅಮ್ಮನೇ ಫೋನ್ ಮಾಡಿಸಿದ್ದಾರೆ.

ಠಾಣೆ ಅಜ್ಜಿ · ಗುರುವಾರ ಬೆಳಗಿನ ಜಾವ 4:30

ಓದಿದೆ ಮಗಾ. ನಾನು ಭಾನುವಾರದ ಫೋನಿಗೆ ಕಾಯಲಿಲ್ಲ. ನಿನ್ನೆ ನಾನೇ ಮಾಡಿದೆ. ಬೆಲ್ಟು ಅಂತಲೇ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಕಂದು ಬಣ್ಣದ್ದು" ಅಂದ.